ಗಾಳಿಯವರು ಕಡಲಿಗಿಳಿದಾಗ

(ಮೈಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಎಂಬ ಪದ್ಧತಿಯ ಸೊಗಸು ಅದರ ಲೆಕ್ಕದಲ್ಲಿದೆ. ಹಿರಿಯರೊಬ್ಬರು ದುಡಿದದ್ದರಲ್ಲಿ ಒಂದಿಷ್ಟನ್ನು ಇಡುಗಂಟು ಮಾಡಿ ಹೋಗುತ್ತಾರೆ. ಗಂಟಿಗೆ ಕೈಹಚ್ಚುವಂತಿಲ್ಲ. ಅದರ ಬಡ್ಡಿಯಲ್ಲಿ ವರ್ಷಕ್ಕೊಬ್ಬ ಬಂದು ಮಾತಾಡಿ ಹೋಗುತ್ತಾನೆ. ಈ ವರ್ಷದ ಸರದಿ ನನ್ನದು. ನಾನು ಸಾಹಿತಿಯಲ್ಲ, ಪ್ರಾಧ್ಯಾಪಕನೂ ಅಲ್ಲ. ಗಾಳಿಯಂತ್ರಗಳ ಬುಡದಲ್ಲಿ, ಎಷ್ಟೋ ಸಲ ಅವುಗಳ ನೆತ್ತಿಯ ಮೇಲೆ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರು. ಗಾಳಿಯ ಕೆಲಸದಲ್ಲಿ ಪಳಗಿದ ಕೆಲವರು ವಯಸ್ಸಾದ ಮೇಲೆ ಕಡಲಿನ ಅಲೆಯ ಕಡೆಗೆ ಏಕೆ ಹೊರಳಿದರು, ಹೋಗುವಾಗ ಏನನ್ನು ಹೊತ್ತೊಯ್ದರು, ಅದರಿಂದ ನಮಗೇನು ಎಂಬುದು ಇಂದಿನ ಮಾತು.

ಕಡಲೇ ಇಲ್ಲದ ಮೈಸೂರಿನಲ್ಲಿ ಅಲೆಯ ಮಾತೇಕೆ ಎಂದು ನೀವು ಕೇಳಬಹುದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಆಷಾಢದ ಗಾಳಿ

ಆಷಾಢದ ಶುಕ್ರವಾರ ಚಾಮುಂಡಿಬೆಟ್ಟ ಹತ್ತಿದವರಿಗೆಲ್ಲ ಆ ಗಾಳಿಯ ಪರಿಚಯವಿದೆ. ಸಾಲಿನಲ್ಲಿ ನಿಂತವರ ಸೆರಗು ನಿಲ್ಲುವುದಿಲ್ಲ, ಛತ್ರಿ ಹಿಂದುಮುಂದಾಗಿ ಅರಳುತ್ತದೆ, ಕರ್ಪೂರ ಹತ್ತುವಷ್ಟರಲ್ಲಿ ಆರುತ್ತದೆ. ಆ ಗಾಳಿ ಬೆಟ್ಟದಲ್ಲಿ ಹುಟ್ಟಿದ್ದಲ್ಲ. ಅರಬ್ಬಿ ಸಮುದ್ರದ ಮೇಲೆ ನೂರಾರು ಹರದಾರಿ ಬೀಸಿ, ಘಟ್ಟ ಹತ್ತಿ, ಮಳೆಯ ಬಹುಪಾಲನ್ನು ಕೊಡಗಿನಲ್ಲೇ ಇಳಿಸಿ, ಹಗುರಾಗಿ ನಮ್ಮೂರು ಸೇರುತ್ತದೆ. ದಾರಿಯುದ್ದಕ್ಕೂ ಅದು ನೀರಿನ ಮೈ ಉಜ್ಜಿಕೊಂಡು ಬಂದಿರುತ್ತದೆ. ಆ ಉಜ್ಜಾಟದಲ್ಲಿ ಗಾಳಿಯ ಕಸುವಿನ ಒಂದು ಪಾಲು ನೀರಿಗೆ ಇಳಿಯುತ್ತದೆ, ಅದೇ ಅಲೆ. ಬೆಟ್ಟದ ಮೇಲೆ ನಿಮ್ಮ ಛತ್ರಿ ಮುರಿದ ಗಾಳಿಯೇ ಮಲ್ಪೆಯ ಎದುರು ತೆರೆ ಎಬ್ಬಿಸಿ ಬಂದಿದೆ.

ಗಾಳಿ ನಿಂತರೆ ಗಾಳಿಯಂತ್ರ ನಿಲ್ಲುತ್ತದೆ. ಅಲೆ ಹಾಗಲ್ಲ. ಹುಟ್ಟಿಸಿದ ಗಾಳಿ ಸತ್ತ ಮೇಲೂ ಅದು ನಡೆಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಎಲೆಯೂ ಅಲ್ಲಾಡದ ದಿನ ಇದ್ದಕ್ಕಿದ್ದಂತೆ ಕಡಲು ಉಕ್ಕಿ ತೀರಕ್ಕೆ ನುಗ್ಗುವುದುಂಟು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪಯಣ ಮಾಡಿ ಬಂದದ್ದು ಅದು. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಎಂದು ಕರೆದರು. ಕಳ್ಳನ ಹಾಗೆ ಸುಳಿವಿಲ್ಲದೆ ಬರುವ ಕಡಲು. ಆ ಹೆಸರೇ ಈಗ ವಿಜ್ಞಾನಿಗಳ ಬಾಯಲ್ಲೂ ಇದೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಮುನ್ನೆಚ್ಚರಿಕೆಯಲ್ಲೂ ಇದೆ.

ಸೂರ್ಯನ ಬಿಸಿಲು ಗಾಳಿಯಾಗುತ್ತದೆ, ಗಾಳಿ ಅಲೆಯಾಗುತ್ತದೆ. ಪ್ರತಿ ಹೆಜ್ಜೆಗೂ ಕಸುವು ಚಿಕ್ಕ ಜಾಗದಲ್ಲಿ ದಟ್ಟವಾಗುತ್ತ ಹೋಗುತ್ತದೆ. ಗಾಳಿ ಕಡಲಿನಲ್ಲಿ ಇಟ್ಟ ಇಡುಗಂಟು ಅಲೆ ಎನ್ನಬಹುದು. ಗಾಳಿಯವರ ಕಣ್ಣು ಅದರ ಮೇಲೆ ಬಿದ್ದದ್ದು ಆಶ್ಚರ್ಯವಲ್ಲ. ಆ ಗಂಟನ್ನು ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮಾತ್ರ ಕಡಲಿಗೆ ಇಳಿದ ಮೇಲೆ ಗೊತ್ತಾಯಿತು.

ಎರಡು ಕ್ವೈರಿನ ಪುಸ್ತಕ

ಮೊದಲು ನನ್ನ ಗಾಳಿಯ ಕಥೆ ಒಂದಿಷ್ಟು. ಚಿತ್ರದುರ್ಗದ ಸುತ್ತಿನ ಗುಡ್ಡಗಳಲ್ಲಿ ಕೆಲಸಕ್ಕೆ ಸೇರಿದಾಗ ಊರಿನವರು ನಮ್ಮ ಯಂತ್ರಗಳನ್ನು ಫ್ಯಾನು ಎನ್ನುತ್ತಿದ್ದರು. "ಏನ್ ಸ್ವಾಮಿ, ನಿಮ್ಮ ಫ್ಯಾನು ಬಂದ್ಮ್ಯಾಗೆ ಮೋಡ ಎಲ್ಲಾ ಓಡಿ ಹೋಗ್ತಾವಲ್ಲ" ಎಂದು ಕುರಿ ಕಾಯುವ ಹಿರಿಯರೊಬ್ಬರು ದಿನವೂ ಕೇಳುತ್ತಿದ್ದರು. ಮೋಡ ಒಂದೆರಡು ಕಿಲೋಮೀಟರ್ ಮೇಲಿದೆ, ನಮ್ಮ ರೆಕ್ಕೆ ನೂರು ಮೀಟರೂ ಇಲ್ಲ ಎಂದು ವಿವರಿಸುತ್ತಿದ್ದೆ. ಅವರು ಒಪ್ಪಲಿಲ್ಲ. ಆದರೆ ಯಾವ ಫ್ಯಾನು ಯಾವ ರಾತ್ರಿ ಯಾವ ಸದ್ದು ಮಾಡಿತು ಎಂಬುದನ್ನು ನನಗಿಂತ ಮೊದಲು ಅವರೇ ಹೇಳುತ್ತಿದ್ದರು.

ಅವರು ಹೇಳಿದ ಒಂದು ಯಂತ್ರದ ಗೇರ್‌ಬಾಕ್ಸ್ ಎರಡು ಮಳೆಗಾಲದಲ್ಲಿ ಮೂರು ಸಲ ಕೆಟ್ಟಿತು. ನಾನು ಎರಡು ಕ್ವೈರಿನ ನೋಟ್‌ಪುಸ್ತಕ ತಂದು ಬರೆಯತೊಡಗಿದೆ: ತಾರೀಖು, ಗಾಳಿಯ ವೇಗ, ಎಣ್ಣೆಯ ಬಣ್ಣ, ಸವೆದ ಬೇರಿಂಗ್, ಕಳಚಿದ ಬೋಲ್ಟು. ಮೇಲಧಿಕಾರಿ ಒಂದು ದಿನ ಪುಟ ತಿರುವಿ ನೋಡಿ, "ಇದನ್ನೆಲ್ಲ ಬರೆದಿಡಬೇಡಿ, ನಾಳೆ ಕೊಳ್ಳುವವರ ಕೈಗೆ ಸಿಕ್ಕರೆ?" ಎಂದರು. ಕಂಪನಿಯ ಹೆಸರು ಬೇಡ. ಅವರು ಕೆಟ್ಟವರೂ ಅಲ್ಲ. ಬೇರೆ ಕಂಪನಿಯ ಗೆಳೆಯರಿಗೂ ಇಂಥದೇ ಮಾತು ಕೇಳಿಸಿತ್ತು. ಅದೇ ಬೇರಿಂಗ್ ಪಕ್ಕದ ಗುಡ್ಡದಲ್ಲೂ ಕೆಟ್ಟಿತ್ತೆಂದು ನನಗೆ ತಿಳಿದದ್ದು ನಾಲ್ಕು ವರ್ಷದ ನಂತರ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ.

ಗಾಳಿಯ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. 1960ರ ದಶಕದಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ನೀರೆತ್ತುವ ಗಾಳಿಯಂತ್ರಗಳನ್ನು ಮಾಡಿದರು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ ಮತ್ತು ಗೋವಿಂದರಾಜು ಹಾಯಿಬಟ್ಟೆ ಕಟ್ಟಿದ, ರೈತನ ಕೈಗೆಟುಕುವ ಯಂತ್ರವೊಂದನ್ನು ರೂಪಿಸಿದರು. ಸಿ.ವಿ. ರಾಮನ್ನರ ಶಿಷ್ಯೆ ಅನ್ನಾ ಮಣಿ ಹವಾಮಾನ ಇಲಾಖೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ನೆಲೆಸಿ, ದೇಶದ ಯಾವ ಮೂಲೆಯಲ್ಲಿ ಎಷ್ಟು ಗಾಳಿ ಎಂಬುದನ್ನು ಅಳೆಸಿ ಪುಸ್ತಕ ಮಾಡಿದರು. ಗದಗಿನ ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮ 225, 230 ಕಿಲೋವಾಟಿನ ಪುಟ್ಟ ಯಂತ್ರಗಳನ್ನು ನಿಲ್ಲಿಸಿತು. ಎಲ್ಲ ಕೂಡಿ ನಾಲ್ಕೂವರೆ ಮೆಗಾವಾಟು. ಇಂದು ರಾಜ್ಯದ ಪವನ ವಿದ್ಯುತ್ತು ಐದು ಸಾವಿರ ಮೆಗಾವಾಟು ದಾಟಿದೆ. ಮೊದಲು ಅಳೆದರು, ಆಮೇಲೆ ಸಣ್ಣದು ಮಾಡಿದರು, ಆಮೇಲೆ ದೊಡ್ಡದು. ಈ ಸರದಿಯನ್ನು ನೆನಪಿಡಿ. ಕಡಲಿನಲ್ಲಿ ಅದೇ ತಪ್ಪಿತು.

ಕಮ್ಮಾರರ ಗಾಳಿಯಂತ್ರ

ಗಾಳಿಯಂತ್ರದ ತವರು ಡೆನ್ಮಾರ್ಕ್. ಅಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟರು 1891ರಲ್ಲಿ ಆಸ್ಕೊವ್ ಎಂಬ ಹಳ್ಳಿಯ ಶಾಲೆಯಲ್ಲಿ ಗಾಳಿಯಿಂದ ವಿದ್ಯುತ್ತು ತೆಗೆದರು. ಅವರ ಶಿಷ್ಯ ಯೊಹಾನೆಸ್ ಯೂಲ್ 1957ರಲ್ಲಿ ಗೆಸರ್ ಎಂಬಲ್ಲಿ ಮೂರು ರೆಕ್ಕೆಯ 200 ಕಿಲೋವಾಟ್ ಯಂತ್ರ ನಿಲ್ಲಿಸಿದರು. ಹತ್ತು ವರ್ಷ ಅದು ತನ್ನ ಪಾಡಿಗೆ ತಾನು ತಿರುಗಿತು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಕ್ರಿಸ್ಟಿಯನ್ ರೀಸಾಗರ್ ಎಂಬ ಬಡಗಿ ಅದೇ ಮಾದರಿಯನ್ನು ಚಿಕ್ಕದು ಮಾಡಿ, 22 ಕಿಲೋವಾಟಿನ ಯಂತ್ರ ಕಟ್ಟಿ ಮನೆಯ ವಿದ್ಯುತ್ ತಂತಿಗೆ ಜೋಡಿಸಿದರು. ಟ್ವಿಂಡ್ ಎಂಬಲ್ಲಿ ಶಾಲೆಯ ಶಿಕ್ಷಕರೂ ವಿದ್ಯಾರ್ಥಿಗಳೂ ಸೇರಿ 1978ರಲ್ಲಿ 54 ಮೀಟರ್ ಅಗಲದ ಚಕ್ರವನ್ನೇ ಎಬ್ಬಿಸಿದರು.

ಪ್ರೆಬೆನ್ ಮೇಗಾರ್ಡ್ ಎಂಬುವರು ಆ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದರು. ಊರೂರಿನ ಕಮ್ಮಾರರ ಕುಲುಮೆಯಲ್ಲೇ ಮಾಡಬಹುದಾದ ಗಾಳಿಯಂತ್ರದ ನಕ್ಷೆಯನ್ನು ಸಿದ್ಧಪಡಿಸಿ, ಬೇಕಾದವರಿಗೆಲ್ಲ ಸಿಗುವಂತೆ ಮಾಡಿದರು. ಕುಂಟೆ, ಟ್ರೈಲರ್ ಮಾಡುತ್ತಿದ್ದವರು ಗಾಳಿಯಂತ್ರ ಮಾಡತೊಡಗಿದರು. ಕೊಂಡವರು ರೈತರು. ಯಂತ್ರ ಅವರ ಹೊಲದಲ್ಲಿ, ಅವರ ಕಣ್ಣೆದುರಲ್ಲೇ ನಿಂತಿತು. 1978ರಲ್ಲಿ ಗಾಳಿಯಂತ್ರಗಳ ಯಜಮಾನರು ಒಂದು ಸಂಘ ಕಟ್ಟಿದರು. ಯಾರ ಯಂತ್ರ ಎಷ್ಟು ಯೂನಿಟ್ ಕೊಟ್ಟಿತು, ಯಾವುದು ಏಕೆ ನಿಂತಿತು ಎಂಬುದನ್ನು ತಯಾರಕರ ಹೆಸರು ಹಾಕಿಯೇ ತಮ್ಮ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿದರು. ರೆಕ್ಕೆ ಕಿತ್ತು ಹಾರಿದ ಅವಘಡಗಳಾದ ಮೇಲೆ ಎರಡೆರಡು ಬ್ರೇಕು ಇಲ್ಲದ ಯಂತ್ರ ನಮಗೆ ಬೇಡ ಎಂದು ಪಟ್ಟು ಹಿಡಿದವರೂ ಅವರೇ. ರಿಸೊ ಎಂಬಲ್ಲಿ ಸರ್ಕಾರ ಪರೀಕ್ಷಾ ಕೇಂದ್ರ ತೆರೆಯಿತು. ಅಲ್ಲಿ ಪಾಸಾದ ಯಂತ್ರಕ್ಕೆ ಮಾತ್ರ ಸಹಾಯಧನ.

ಅದೇ ಕಾಲಕ್ಕೆ ಪಕ್ಕದ ಜರ್ಮನಿಯಲ್ಲಿ ದೊಡ್ಡ ದೊಡ್ಡ ಪಂಡಿತರು ಸೇರಿ ಗ್ರೋವಿಯಾನ್ ಎಂಬ ಮೂರು ಮೆಗಾವಾಟಿನ ದೈತ್ಯನನ್ನು 1983ರಲ್ಲಿ ನಿಲ್ಲಿಸಿದರು. ಅದು ತಿರುಗಿದ್ದು ಕೆಲವು ನೂರು ಗಂಟೆ. 1987ಕ್ಕೆ ಕಥೆ ಮುಗಿಯಿತು. ಬಡಗಿ, ಕಮ್ಮಾರರ ಪುಟ್ಟ ಯಂತ್ರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋದವು. ಡೆನ್ಮಾರ್ಕಿನವರು ಜರ್ಮನಿಯವರಿಗಿಂತ ಜಾಣರೆಂದು ನನಗನ್ನಿಸಿಲ್ಲ. ಅವರ ಸೋಲಿನ ಲೆಕ್ಕ ಕೊಳ್ಳುವವನ ಕೈಯಲ್ಲಿತ್ತು, ನನ್ನ ಸೋಲಿನ ಲೆಕ್ಕ ಬೀರುವಿನಲ್ಲಿತ್ತು.

ಮೇಗಾರ್ಡರ ಕೊಲ್ಲಿ

ಮೇಗಾರ್ಡ್ 1983ರಲ್ಲಿ ವಾಯವ್ಯ ಡೆನ್ಮಾರ್ಕಿನ ಥೂ ಎಂಬ ಸೀಮೆಯಲ್ಲಿ ಫೋಲ್ಕೆಸೆಂಟರ್ ಎಂಬ ಕೇಂದ್ರ ಸ್ಥಾಪಿಸಿದರು. ಫೋಲ್ಕೆ ಎಂದರೆ ಜನ, ಜನರ ಕೇಂದ್ರ. ಗಾಳಿಯಂತ್ರ ದೊಡ್ಡ ಕಂಪನಿಗಳ ಕೈಸೇರಿ ನೂರಾರು ಅಡಿ ಎತ್ತರಕ್ಕೆ ಬೆಳೆದ ಮೇಲೆ ಆ ಕೇಂದ್ರದ ಕಣ್ಣು ಪಕ್ಕದ ನೀರಿನ ಮೇಲೂ ಬಿತ್ತು. ಹತ್ತಿರದ ನಿಸ್ಸುಮ್ ಬ್ರೆಡ್ನಿಂಗ್ ಎಂಬ ಒಳಕಡಲಿನಲ್ಲಿ ಅಲೆಯಂತ್ರಗಳ ಪರೀಕ್ಷೆಗೆ ಅದು ಜಾಗ ಮಾಡಿಕೊಟ್ಟಿತು. ಆಯ್ದ ಜಾಗದಲ್ಲೇ ಗಾಳಿಯವರ ಬುದ್ಧಿ ಕಾಣುತ್ತದೆ. ಬಯಲು ಸಮುದ್ರದ ರಾಕ್ಷಸ ಅಲೆ ಅಲ್ಲಿಲ್ಲ. ಅದರ ಮರಿ ಅಲೆ ಇದೆ. ಮರಿ ಯಂತ್ರವನ್ನು ಮರಿ ಅಲೆಯಲ್ಲಿ ಕೆಡಿಸಿ ನೋಡಬಹುದು. ದಡಕ್ಕೆ ಎಳೆದು ರಿಪೇರಿ ಮಾಡಿ ಮತ್ತೆ ಬಿಡಬಹುದು.

2003ರಲ್ಲಿ ಅಲ್ಲಿ ತೇಲಿದ ವೇವ್ ಡ್ರ್ಯಾಗನ್ ಎಂಬ ಯಂತ್ರವನ್ನು ಮೈಸೂರಿನವರಿಗೆ ವಿವರಿಸುವುದು ಸುಲಭ. ಅದೊಂದು ತೇಲುವ ಕನ್ನಂಬಾಡಿ. ಅಲೆ ಇಳಿಜಾರು ಹತ್ತಿ ಕಟ್ಟೆಯೊಳಗೆ ಬೀಳುತ್ತದೆ. ಒಳಗಿನ ನೀರು ಹೊರಗಿನ ಕಡಲಿಗಿಂತ ಸ್ವಲ್ಪ ಎತ್ತರದಲ್ಲಿರುತ್ತದೆ. ಆ ನೀರು ಟರ್ಬೈನ್ ತಿರುಗಿಸಿ ಮತ್ತೆ ಕಡಲಿಗಿಳಿಯುತ್ತದೆ. ನಾಲ್ಕೂವರೆಗೆ ಒಂದು ಪಾಲಿನಂತೆ ಚಿಕ್ಕದು ಮಾಡಿದ ಮಾದರಿಯಾದರೂ ತೂಕ ಇನ್ನೂರು ಟನ್ನಿನ ಮೇಲಿತ್ತು. ಇನ್ನೊಂದು ವೇವ್ ಸ್ಟಾರ್. ಉದ್ದ ಕಟ್ಟೆಯ ಅಂಚಿಗೆ ಸಾಲಾಗಿ ಬೋಗುಣಿಗಳು. ಅಲೆ ಬಂದಂತೆ ಒಂದೊಂದೇ ಏರಿಳಿದು ಪಂಪು ಒತ್ತುತ್ತವೆ. ಬಿರುಗಾಳಿ ಬಂದರೆ ಬೋಗುಣಿಗಳನ್ನು ನೀರಿನಿಂದ ಮೇಲೆತ್ತಿ ಮಡಚಿಡುತ್ತದೆ. ಗಾಳಿ ಮಿತಿಮೀರಿದಾಗ ರೆಕ್ಕೆಯನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ ಸುಮ್ಮನಿರುವುದು ನಮ್ಮ ಗಾಳಿಯಂತ್ರದ ಹಳೆಯ ಪಾಠ. ಅದೇ ಪಾಠ ನೀರಿಗಿಳಿದಾಗ ಈ ರೂಪ ಪಡೆಯಿತು.

ಗಾಳಿಯಿಂದ ನೀರಿಗೆ ಹೊರಳಿದವರು ಇನ್ನೂ ಇದ್ದಾರೆ. ಇಂಗ್ಲೆಂಡಿನ ಪೀಟರ್ ಫ್ರೆಂಕೆಲ್ ಬಡದೇಶಗಳ ರೈತರಿಗಾಗಿ ನೀರೆತ್ತುವ ಗಾಳಿಯಂತ್ರ ಮಾಡುತ್ತಿದ್ದವರು. ಅವರು ಮೊದಲು ಸೂಡಾನಿನಲ್ಲಿ ನೈಲ್ ನದಿಯ ಹರಿವಿಗೆ ಒಂದು ಪುಟ್ಟ ಚಕ್ರ ಇಳಿಸಿದರು. ದಶಕಗಳ ನಂತರ, 2008ರಲ್ಲಿ, ಅವರ ತಂಡ ಉತ್ತರ ಐರ್ಲೆಂಡಿನ ಸ್ಟ್ರ್ಯಾಂಗ್‌ಫರ್ಡ್ ಎಂಬಲ್ಲಿ ಉಬ್ಬರವಿಳಿತದ ಹರಿವಿಗೆ 1.2 ಮೆಗಾವಾಟಿನ ಸೀಜೆನ್ ನಿಲ್ಲಿಸಿತು. ನೀರಿನಲ್ಲಿ ಮುಳುಗಿದ ಗಾಳಿಯಂತ್ರದಂತೆಯೇ ಅದರ ರೂಪ. ರಿಪೇರಿಗೆ ಮುಳುಗುಗಾರರು ಬೇಕಿರಲಿಲ್ಲ. ಚಕ್ರಗಳೇ ಕಂಬದ ಮೇಲೆ ಜಾರಿ ನೀರಿನಿಂದ ಹೊರಬರುತ್ತಿದ್ದವು. ಟವರು ಹತ್ತಿ ಸೊಂಟ ಹಿಡಿಸಿಕೊಂಡ ನನ್ನಂಥವರಿಗೆ ಆ ಯೋಚನೆ ಎಲ್ಲಿಂದ ಬಂತೆಂದು ಹೇಳಿಕೊಡಬೇಕಿಲ್ಲ.

ಅಲೆಯ ಗಣಿತ

ಹಾಗಾದರೆ ಗಾಳಿ ಗೆದ್ದಂತೆ ಅಲೆ ಏಕೆ ಗೆಲ್ಲಲಿಲ್ಲ? ಸ್ವಲ್ಪ ಲೆಕ್ಕ ಮಾಡೋಣ.

ಆಳದ ನೀರಿನಲ್ಲಿ ಅಲೆಯ ಎತ್ತರವನ್ನು ಅದರಿಂದಲೇ ಗುಣಿಸಿ, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಸೆಕೆಂಡುಗಳಿಂದ ಮತ್ತೆ ಗುಣಿಸಿ, ಅರ್ಧ ಮಾಡಿದರೆ ಒಂದು ಮೀಟರ್ ಅಗಲದ ಅಲೆಯಲ್ಲಿ ಎಷ್ಟು ಕಿಲೋವಾಟಿದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಒಂದು ಮೀಟರ್ ಎತ್ತರ, 8 ಸೆಕೆಂಡು: 4 ಕಿಲೋವಾಟು. ಮೂರು ಮೀಟರ್, 10 ಸೆಕೆಂಡು: 45. ಬಿರುಗಾಳಿಯ ಆರು ಮೀಟರ್, 12 ಸೆಕೆಂಡು: 216. ವರ್ಷದ ಬಹುಪಾಲು ದಿನ ನಾಲ್ಕರಲ್ಲಿ ದುಡಿಯುವ ಯಂತ್ರ, ಒಂದು ರಾತ್ರಿ ಅದರ ಐವತ್ತು ಪಟ್ಟಿಗಿಂತ ಹೆಚ್ಚಿನ ಹೊಡೆತ ತಿಂದೂ ಬದುಕಬೇಕು. ದುಡಿಯುವುದು ಆಳಿನ ಕೂಲಿಗೆ, ಹೊರುವುದು ಆನೆಯ ಭಾರ. ಗಾಳಿಯಂತ್ರ ತಲೆ ತಿರುಗಿಸಿ ಬಿರುಗಾಳಿಯಿಂದ ಪಾರಾಗಬಹುದು. ಕಡಲಿನಲ್ಲಿ ಮುಳುಗಿ ನಿಂತದ್ದು ಎಲ್ಲಿಗೆ ತಿರುಗೀತು?

ಇನ್ನೊಂದು ತೊಡಕು ವೇಗದ್ದು. ಅಲೆ ನಿಮಿಷಕ್ಕೆ ಆರೆಂಟು ಸಲ ಮೇಲೆ ಕೆಳಗೆ ಆಡುತ್ತದೆ. ಜನರೇಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ನಿಮಿಷಕ್ಕೆ ಸಾವಿರದಷ್ಟು ಸುತ್ತು. ಇದಕ್ಕೆ ಸಿಕ್ಕ ಅತ್ಯಂತ ಸರಳ ಉಪಾಯವನ್ನು ಮನೆಯಲ್ಲೇ ನೋಡಬಹುದು. ಹಂಡೆಯ ನೀರಿನಲ್ಲಿ ತಂಬಿಗೆಯನ್ನು ಬೋರಲು ಹಿಡಿದು ಒತ್ತಿ. ಒಳಗಿನ ಗಾಳಿ ಎದುರೊತ್ತು ಕೊಡುತ್ತದೆ. ತಂಬಿಗೆಯ ಬುಡಕ್ಕೆ ತೂತಿದ್ದರೆ ನೀರು ಏರಿದಾಗ ಗಾಳಿ ಬುಸ್ಸೆಂದು ಹೊರಗೆ, ಇಳಿದಾಗ ಒಳಗೆ. ಕಮ್ಮಾರನ ತಿದಿಯ ಹಾಗೆ. ಆ ತೂತಿನಲ್ಲಿ ಟರ್ಬೈನ್ ಕೂರಿಸಿದರಾಯಿತು. ಗಾಳಿ ಹೊರಗೆ ಹೋದರೂ ಒಳಗೆ ಬಂದರೂ ಒಂದೇ ಕಡೆಗೆ ತಿರುಗುವ ಟರ್ಬೈನನ್ನು ಬೆಲ್‌ಫಾಸ್ಟಿನ ಅಲನ್ ವೆಲ್ಸ್ 1970ರ ದಶಕದಲ್ಲಿ ರೂಪಿಸಿದರು. ತಮಾಷೆ ನೋಡಿ: ಗಾಳಿ ಅಲೆಯಾಯಿತು, ನಾವು ಅಲೆಯನ್ನು ಮತ್ತೆ ಗಾಳಿ ಮಾಡಿಕೊಂಡೆವು.

ಈ ತಂಬಿಗೆಯ ತತ್ತ್ವವನ್ನು ಚೆನ್ನಾಗಿ ಕೆಲಸಕ್ಕೆ ಹಚ್ಚಿದವರು ಜಪಾನಿನ ಯೋಶಿಯೊ ಮಸೂದ. ಅವರು ಊರಿಗೆ ಬೆಳಕು ಕೊಡಲು ಹೋಗಲಿಲ್ಲ. ಹಡಗಿಗೆ ದಾರಿ ತೋರುವ ತೇಲುದೀಪವೊಂದಕ್ಕೆ ಬೇಕಾದಷ್ಟೇ ಕರೆಂಟು ತೆಗೆದರು. ಬ್ಯಾಟರಿ ಬದಲಿಸಲು ದೋಣಿ ಕಳುಹಿಸುವ ಖರ್ಚು ಉಳಿಯಿತು. 1960ರ ದಶಕದಿಂದ ಅಂಥ ದೀಪಗಳು ಮಾರಾಟವಾದವು. ಬ್ರಿಟನ್ನಿನ ದಾರಿ ಬೇರೆ. ಎಡಿನ್‌ಬರೋದ ಸ್ಟೀಫನ್ ಸಾಲ್ಟರ್ 1974ರಲ್ಲಿ ತಲೆದೂಗುವ ಬಾತುಕೋಳಿಯಂಥ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಪ್ರಯೋಗಾಲಯದ ತೊಟ್ಟಿಯಲ್ಲಿ ಅದು ಅದ್ಭುತವಾಗಿತ್ತು. ಸರ್ಕಾರ ಹಾಕಿಕೊಂಡ ಗುರಿ ಮಾತ್ರ ಎರಡು ಸಾವಿರ ಮೆಗಾವಾಟಿನ ಸ್ಥಾವರ. ಮೊದಲ ಮೆಟ್ಟಿಲೇ ಬೆಟ್ಟದ ತುದಿಯಲ್ಲಿ! 1982ರಲ್ಲಿ ಆ ಯೋಜನೆಗೆ ಹಣ ನಿಂತಿತು. ಮುಂದೆ ಅದೇ ಎಡಿನ್‌ಬರೋದಿಂದ ಬಂದ ಪೆಲಾಮಿಸ್ ಎಂಬ ಉಕ್ಕಿನ ಕಡಲಹಾವು 2004ರಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ ವಿದ್ಯುತ್ತು ಕೊಟ್ಟಿತು. 2008ರಲ್ಲಿ ಅಂಥ ಮೂರು ಹಾವುಗಳು ಪೋರ್ಚುಗಲ್ ತೀರದಲ್ಲಿ 2.25 ಮೆಗಾವಾಟಿಗೆ ಸಜ್ಜಾಗಿ ಇಳಿದವು. ಕೆಲವೇ ತಿಂಗಳಲ್ಲಿ ಬೇರಿಂಗ್ ತೊಂದರೆಯಿಂದ ದಡಕ್ಕೆ ಬಂದವು. ಅಷ್ಟರಲ್ಲಿ ಹಣ ಹಾಕಿದವರೇ ಮುಗ್ಗರಿಸಿದರು. 2014ರಲ್ಲಿ ಕಂಪನಿಯೂ ಮುಚ್ಚಿತು. ಬೇರಿಂಗ್ ಎಂಬ ಮಾತು ಕೇಳಿದಾಗಲೆಲ್ಲ ನನಗೆ ನನ್ನ ನೋಟ್‌ಪುಸ್ತಕ ನೆನಪಾಗುತ್ತದೆ. ಆದರೆ ಸ್ಕಾಟ್ಲೆಂಡ್ ಸರ್ಕಾರ ಆಗ ಒಂದು ಒಳ್ಳೆಯ ಕೆಲಸ ಮಾಡಿತು. ಮುಚ್ಚಿದ ಕಂಪನಿಯ ಅನುಭವ ಮಣ್ಣುಪಾಲಾಗದಂತೆ ಅದರ ನಕ್ಷೆ, ದಾಖಲೆಗಳನ್ನು ಒಂದು ಸಂಸ್ಥೆ ಕಟ್ಟಿ ಉಳಿಸಿಕೊಂಡಿತು.

ವಿಳಿಂಞದ ಕೋಣೆ

ಈಗ ನಮ್ಮ ಕಡಲಿಗೆ ಬರೋಣ. ತಿರುವನಂತಪುರದ ಪಕ್ಕ ವಿಳಿಂಞ ಎಂಬ ಮೀನುಗಾರರ ಊರಿದೆ. ಇಂದು ಅದು ದೊಡ್ಡ ಹಡಗು ಬಂದರಿನಿಂದ ಹೆಸರಾಗಿದೆ. 1991ರಲ್ಲಿ ಅದೇ ಊರಿನ ಮೀನುಗಾರಿಕೆ ಬಂದರಿನ ಅಲೆತಡೆಗೋಡೆಯ ಎದುರು, ಮದ್ರಾಸ್ ಐಐಟಿಯವರು ಸುಮಾರು ಮೂರು ಸಾವಿರ ಟನ್ ತೂಕದ ಕಾಂಕ್ರೀಟ್ ಕೋಣೆಯೊಂದನ್ನು ಕಡಲ ತಳಕ್ಕೆ ಕೂರಿಸಿದರು. ನಾನು ಹೇಳಿದ ಬೋರಲು ತಂಬಿಗೆಯೇ; ಗಾತ್ರ ಮಾತ್ರ ಮಹಡಿ ಕಟ್ಟಡದ್ದು. ಮೇಲೆ ವೆಲ್ಸ್ ಟರ್ಬೈನ್, 150 ಕಿಲೋವಾಟು. ಎಂ. ರವೀಂದ್ರನ್ ಅವರ ನೇತೃತ್ವದ ಆ ತಂಡವೇ ಮುಂದೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗೆ ಬುನಾದಿಯಾಯಿತು. ಜಗತ್ತಿನಲ್ಲಿ ಇಂಥ ಸ್ಥಾವರಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. ನಾರ್ವೆಯವರು ಬಂಡೆಗೆ ಕಟ್ಟಿದ್ದ ಉಕ್ಕಿನ ಗೋಪುರವನ್ನು 1988ರ ಬಿರುಗಾಳಿ ಕಿತ್ತುಹಾಕಿತ್ತು. ಸ್ಕಾಟ್ಲೆಂಡಿನ ಆಸ್ಪ್ರೇ ಎಂಬ ಸ್ಥಾವರ 1995ರಲ್ಲಿ ಕೂರಿಸುವಾಗಲೇ ಒಡೆಯಿತು. ನಮ್ಮ ಕೋಣೆ ನಿಂತಿತು.

ವಿದ್ಯುತ್ತು ಮಾತ್ರ ಎಣಿಸಿದಷ್ಟು ಬರಲಿಲ್ಲ. ಅಲೆಯ ಉಸಿರಾಟಕ್ಕೆ ತಕ್ಕಂತೆ ಕರೆಂಟು ಏರುತ್ತಿತ್ತು, ಇಳಿಯುತ್ತಿತ್ತು. ಟರ್ಬೈನ್ ಬದಲಿಸಿದರು, ಜನರೇಟರ್ ಬದಲಿಸಿದರು. 2004ರಲ್ಲಿ ಗುರಿಯನ್ನೇ ಬದಲಿಸಿದರು: ತಂತಿಗೆ ಕರೆಂಟು ತಳ್ಳುವ ಬದಲು, ಅದೇ ಕರೆಂಟಿನಿಂದ ಉಪ್ಪುನೀರನ್ನು ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರಿನಂತೆ ಸಿಹಿ ಮಾಡಿದರು. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಜಾಣತನದ ಹೆಜ್ಜೆ ಅದು. ಕರೆಂಟು ಏರಿಳಿದರೆ ತಂತಿಗೆ ತೊಂದರೆ. ನೀರಿನ ತೊಟ್ಟಿಗೆ ತೊಂದರೆಯಿಲ್ಲ. ನಂತರ ಸ್ಥಾವರವನ್ನು ಕೈಬಿಟ್ಟರು. ಅಲ್ಲಿಗೆ ಇಪ್ಪತ್ತು ವರ್ಷದ ಅನುಭವವೂ ಮೂಲೆಗೆ ಸೇರಿತು. ವಿಜ್ಞಾನಿಗಳು ಪ್ರಬಂಧ ಬರೆದರು, ಸರಿ. ಆದರೆ ಕೋಣೆಯ ಪಕ್ಕದಲ್ಲೇ ಬಲೆ ಹರವುತ್ತಿದ್ದ ವಿಳಿಂಞದ ಮೀನುಗಾರರ ಕೈಯಲ್ಲಿ ಅದರ ಲೆಕ್ಕದ ಪುಸ್ತಕ ಇರಲಿಲ್ಲ. ಡೆನ್ಮಾರ್ಕಿನ ರೈತನ ಕೈಯಲ್ಲಿದ್ದದ್ದು ಅದೇ.

2022ರಲ್ಲಿ ಅದೇ ಐಐಟಿಯ ಮತ್ತೊಂದು ತಂಡ, ಅಬ್ದುಸ್ ಸಮದ್ ಅವರ ಮುಂದಾಳ್ತನದಲ್ಲಿ, ತೂತ್ತುಕುಡಿಯ ತೀರದಿಂದ ಆರು ಕಿಲೋಮೀಟರ್ ಆಚೆ ಸಿಂಧುಜಾ ಎಂಬ ತೇಲುಯಂತ್ರ ಇಳಿಸಿತು. ಅದು ಕೊಟ್ಟದ್ದು ನೂರು ವಾಟು. ಪತ್ರಿಕೆಯಲ್ಲಿ ಓದಿ ಗೆಳೆಯರೊಬ್ಬರು ನಕ್ಕರು: ಒಂದು ಹಳೇ ಬಲ್ಬು ಉರಿಸೋಕೆ ಇಷ್ಟು ಖರ್ಚೆ? ನನಗೆ ಸಂತೋಷವಾಯಿತು. ಎರಡು ಸಾವಿರ ಮೆಗಾವಾಟಿನಿಂದ ಶುರುಮಾಡಿದವರ ಗತಿ ನೋಡಿದ್ದೇವೆ. ನೂರು ವಾಟಿನಿಂದ ಶುರುಮಾಡಿದವರಿಗೆ ಬಿದ್ದರೂ ಸೊಂಟ ಮುರಿಯುವುದಿಲ್ಲ.

ಸಮುದ್ರದ ನಂಟು

ನಮ್ಮ ಕರಾವಳಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಸಮುದ್ರದ ನಂಟು, ಉಪ್ಪಿಗೆ ಬಡತನ ಎಂಬ ಗಾದೆಯ ಹಾಗೆ ಅಷ್ಟು ಕಡಲಿದ್ದೂ ಕಡಲಿನಿಂದ ಒಂದು ಯೂನಿಟ್ ಬಂದಿಲ್ಲವೇಕೆ ಎಂದು ಕರಾವಳಿಯ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಉತ್ತರ ಕಹಿ. ನಮ್ಮ ಕಡಲು ಮಳೆಗಾಲದಲ್ಲಿ ಹುಲಿ, ಉಳಿದ ಕಾಲದಲ್ಲಿ ಬೆಕ್ಕು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾರವಾರ, ಹೊನ್ನಾವರ, ಮಲ್ಪೆಯ ಎದುರು ತೇಲುಮಾಪಕ ಬಿಟ್ಟು ಅಳೆದಿದ್ದಾರೆ. ವರ್ಷದ ಕಸುವಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬರುತ್ತದೆ. ಅದೇ ಹೊತ್ತಿಗೆ ಚಿತ್ರದುರ್ಗದ ಗುಡ್ಡಗಳಲ್ಲೂ ಭರ್ಜರಿ ಗಾಳಿ, ಲಿಂಗನಮಕ್ಕಿಗೂ ಒಳಹರಿವು. ಮನೆಯಲ್ಲಿ ಹಬ್ಬದಡುಗೆಯಾದ ದಿನವೇ ನೆರೆಮನೆಯಿಂದಲೂ ಹೋಳಿಗೆ ಬಂದಂತೆ. ಬೇಸಿಗೆಯಲ್ಲಿ ಕರೆಂಟಿಗೆ ಬಾಯಿಬಿಡುವಾಗ ಕಡಲು ಕೈಚೆಲ್ಲುತ್ತದೆ. ಆದ್ದರಿಂದ ಅಲೆಯಿಂದ ಮೈಸೂರಿನ ದೀಪ ಉರಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಎರಡು ಕಡೆ ಲೆಕ್ಕ ಬೇರೆಯಾಗುತ್ತದೆ. ಒಂದು, ಹೇಗೂ ಕಟ್ಟುವ ಗೋಡೆ. ಉಳ್ಳಾಲ, ಮರವಂತೆಯ ಕಡಲ್ಕೊರೆತ ನಿಮಗೆ ಗೊತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮನೆ, ರಸ್ತೆಗಳಿಗೇ ಕಡಲು ನುಗ್ಗಿತು. ಕಲ್ಲು ಸುರಿಯುತ್ತೇವೆ, ಕಡಲು ನುಂಗುತ್ತದೆ, ಮತ್ತೆ ಸುರಿಯುತ್ತೇವೆ. ಸ್ಪೇನಿನ ಮುತ್ರಿಕು ಎಂಬ ಪುಟ್ಟ ಬಂದರಿನವರು ಹೊಸ ಅಲೆತಡೆಗೋಡೆ ಕಟ್ಟುವಾಗ ಅದರೊಳಗೇ ಹದಿನಾರು ಗಾಳಿಕೋಣೆಗಳನ್ನು ಸೇರಿಸಿ ಕಟ್ಟಿದರು. 2011ರಿಂದ ಅದು ಸುಮಾರು ಮುನ್ನೂರು ಕಿಲೋವಾಟಿನ ಸ್ಥಾವರ. ಗೋಡೆಯ ಖರ್ಚು ಹೇಗೂ ಇತ್ತು. ನಮ್ಮಲ್ಲೂ ಮೀನುಗಾರಿಕೆ ಬಂದರಿನ ಗೋಡೆ ಕಟ್ಟುವಾಗ ಒಂದೆರಡು ಕೋಣೆ ಬಿಟ್ಟು ನೋಡಬಹುದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ; ಬಂದರಿನಲ್ಲೇ ಇರುವ ಮೀನುಗಾರ ಸಂಘದವರು ಆ ಯಂತ್ರದ ಸದ್ದು ಕೇಳಬಲ್ಲರು, ಲೆಕ್ಕ ಬರೆಯಬಲ್ಲರು. ಅವರಿಗಿಂತ ಚೆನ್ನಾಗಿ ಅಲೆ ಬಲ್ಲವರು ಯಾರಿದ್ದಾರೆ?

ಶ್ರೀರಂಗಪಟ್ಟಣದ ದ್ವೀಪಗಳು

ಎರಡನೆಯದು ದ್ವೀಪ. ಇಲ್ಲಿ ಒಂದು ಹಳೆಯ ಸಂಬಂಧ ನೆನಪಿಸುತ್ತೇನೆ. ಲಕ್ಷದ್ವೀಪದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ಬೇಸತ್ತರು. 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ನಮ್ಮನ್ನು ನೀವೇ ಆಳಿ ಎಂದು ಟಿಪ್ಪುವನ್ನು ಕೇಳಿಕೊಂಡರು. ಹಾಗೆ ಆ ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರಿಗೆ ಹೋದವು. ಮುಂದೆ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಇಲ್ಲಿಂದ ಅರ್ಧ ಗಂಟೆಯ ದಾರಿಯ ಕೋಟೆಯೊಂದು ನಡುಗಡಲಿನ ಆ ಹವಳದ ದಂಡೆಗಳನ್ನು ಆಳಿತ್ತು.

ಇಂದೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳು ಆ ದ್ವೀಪಗಳಿಗೆ ಸಿಮೆಂಟು, ಜಲ್ಲಿ, ತರಕಾರಿ ಹೊತ್ತು ಹೋಗುತ್ತವೆ. ಮಳೆಗಾಲ ಬಂತೆಂದರೆ ಮಂಜಿಗಳು ನಿಲ್ಲುತ್ತವೆ. ದ್ವೀಪದ ಕರೆಂಟು ಹೆಚ್ಚಾಗಿ ಡೀಸೆಲ್ಲಿನದು. ಆ ಡೀಸೆಲ್ಲೂ ನೆಲದಿಂದ ಹಡಗಿನಲ್ಲೇ ಹೋಗಬೇಕು. ಮಳೆಗಾಲಕ್ಕೆ ಮೊದಲೇ ತುಂಬಿಸಿಟ್ಟುಕೊಳ್ಳಬೇಕು. ಮೋಡ ಕವಿದಾಗ ಸೌರಫಲಕವೂ ಕುಂದುತ್ತದೆ. ಹಡಗು ಬರದ, ಬಿಸಿಲು ಬಾರದ ಆ ತಿಂಗಳುಗಳಲ್ಲಿ ದ್ವೀಪದ ಸುತ್ತ ಯಥೇಚ್ಛವಾಗಿ ಇರುವುದು ಒಂದೇ: ಅಲೆ. ಹಡಗನ್ನು ತಡೆಯುವುದೂ ಅದೇ. ನಮ್ಮ ನೆಲದಲ್ಲಿ ಮಳೆಗಾಲದ ಅಲೆ ಬೇಡದ ನೆಂಟ. ದ್ವೀಪದಲ್ಲಿ ಹೊತ್ತಿಗೊದಗುವ ನೆಂಟ. 2005ರಲ್ಲಿ ಕವರತ್ತಿಯಲ್ಲಿ ಕಡಲಿನ ಮೇಲಿನ ಬಿಸಿನೀರು, ಆಳದ ತಣ್ಣೀರನ್ನು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಮಾಡುವ ಸ್ಥಾವರ ಕಟ್ಟಿದವರು ವಿಳಿಂಞದ ಅದೇ ಪರಂಪರೆಯ ಚೆನ್ನೈ ಸಂಸ್ಥೆಯವರು. ಅಲೆಗೆ ಅಲ್ಲಿ ಗಿರಾಕಿ ಇದ್ದಾನೆ.

ಗಿರಾಕಿ ಎಂದಾಗ ನಮ್ಮೂರಿನ ಒಂದು ದೊಡ್ಡ ಉದಾಹರಣೆ. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ತಂತಿಯಲ್ಲಿ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಆಸೆಪಟ್ಟ, ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರ್ ಕಟ್ಟಿದ ಆ ಸ್ಥಾವರ ಅಷ್ಟು ದೂರ ಕರೆಂಟು ಕಳುಹಿಸುವ ಧೈರ್ಯ ಮಾಡಿದ್ದು ಏಕೆ? ಕೋಲಾರದ ಚಿನ್ನದ ಗಣಿಗಳು ಕೊಳ್ಳಲು ಮೊದಲೇ ಒಪ್ಪಿ ಕಾಯುತ್ತಿದ್ದವು. ಅರಮನೆಯ ಊರಾದ ಮೈಸೂರಿಗೇ ವಿದ್ಯುದ್ದೀಪ ಬಂದದ್ದು 1908ರಲ್ಲಿ. ಯಾರಿಗೆ ನಿಜವಾಗಿ ಬೇಕೋ ಅವರಿಗೆ ಮೊದಲು, ಮೆರವಣಿಗೆ ಆಮೇಲೆ.

ಇಷ್ಟೇ ನನ್ನ ವಾದ. ಗಾಳಿಯವರು ಕಡಲಿಗೆ ತಮ್ಮ ರೆಕ್ಕೆ ಒಯ್ಯಲಿಲ್ಲ, ಗೇರ್‌ಬಾಕ್ಸ್ ಒಯ್ಯಲಿಲ್ಲ. ಮೊದಲು ಅಳೆ, ಸಣ್ಣದರಿಂದ ತೊಡಗು, ಬೇಕಾದವನ ಅಂಗಳದಲ್ಲೇ ನಿಲ್ಲಿಸು, ಕೆಟ್ಟದ್ದನ್ನು ಬರೆದು ಎಲ್ಲರಿಗೂ ತೋರಿಸು ಎಂಬ ರೂಢಿಯನ್ನು ಒಯ್ದರು. ಆ ರೂಢಿ ಇದ್ದಲ್ಲಿ ಅಲೆಯಂತ್ರ ಇನ್ನೂ ಉಸಿರಾಡುತ್ತಿದೆ.

ಕೊನೆಯ ಒಂದು ಮಾತು. ಮೇಲಧಿಕಾರಿಗಳು ಬೇಡವೆಂದ ಮೇಲೂ ನಾನು ಬರೆಯುವುದನ್ನು ಬಿಡಲಿಲ್ಲ. ಹನ್ನೊಂದು ಪುಸ್ತಕಗಳಾಗಿವೆ. ಇಷ್ಟು ವರ್ಷ ನನ್ನ ಮನೆಯ ಬೀರುವಿನಲ್ಲಿದ್ದವು. ಎಂಜಿನಿಯರಿಂಗ್ ಓದುವ ಮಕ್ಕಳೂ ನೋಡಿಲ್ಲ, ಕುರಿ ಕಾಯುವ ಆ ಹಿರಿಯರಿಗೂ ತೋರಿಸಲಿಲ್ಲ. ಇಂದು ಅವನ್ನು ಒಂದು ಬಟ್ಟೆಚೀಲದಲ್ಲಿ ತಂದಿದ್ದೇನೆ. ಕಂಪನಿಗಳ ಹೆಸರಿನ ಮೇಲೆ ಕಾಗದ ಅಂಟಿಸಿದ್ದೇನೆ, ಉಳಿದದ್ದೆಲ್ಲ ಹಾಗೇ ಇದೆ. ಈ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ಬೇಕಾದವರು ಒಯ್ದು ಓದಿ, ನಕಲು ಮಾಡಿಕೊಳ್ಳಿ. ಎರಡನೆಯ ಪುಸ್ತಕಕ್ಕೆ ಗೇರ್‌ಬಾಕ್ಸಿನ ಎಣ್ಣೆ ಚೆಲ್ಲಿದೆ; ಹಿಡಿಯುವಾಗ ಬಿಳಿ ಅಂಗಿ ಜೋಪಾನ.